'ಗಿಳಿ ತಗೋ' ಅಂದವರಿಗೆಲ್ಲ ನನ್ನ ಉತ್ತರ

ಪೋಸ್ಟ್ 1/8

ಹೋದ ತಿಂಗಳು ಹಾಕಿದ ರೀಲ್ ನೆನಪಿದೆ ತಾನೆ? ಬೂದು ಬಣ್ಣದ ಗಿಳಿ, ಕೆಂಪು ಬಾಲ, ನನ್ನ ಭುಜದ ಮೇಲೆ ಕೂತು ಥೇಟ್ ಕುಕ್ಕರ್ ಥರ ಕೂಗ್ತಿತ್ತು. ಕೆಳಗೆ ನಾನೇ ಬರ್ದಿದ್ದೆ: 'ಮನೆಗೆ ಹೊಸ ಮೆಂಬರ್ ಬರಬಹುದಾ?'

ನಿಮ್ಮ ಕಾಮೆಂಟ್‌ಗಳು ಇವು:

'ತಗೊಳೇ, ಇದ್ರಲ್ಲಿ ಯೋಚ್ನೆ ಮಾಡೋದೇನಿದೆ?'
'ನಾಯಿ ಥರ ವಾಕಿಂಗ್ ಕರ್ಕೊಂಡು ಹೋಗೋ ಗೋಜಿಲ್ಲ, ಕೆಲಸಕ್ಕೆ ಹೋಗೋರಿಗೆ ಬೆಸ್ಟ್.'
'ಆಫೀಸ್ ಟೆನ್ಷನ್ ಎಲ್ಲ ಒಂದೇ ಸಲ ಹೋಗುತ್ತೆ.'
'ಪಾಪ, ವಯಸ್ಸಾದ ಹಕ್ಕಿ, ನಿನ್ನಿಂದ ಒಂದು ಮನೆ ಸಿಗುತ್ತೆ.'
'ನಾಲ್ಕು ಡೈಲಾಗ್ ಕಲಿಸು, ಫಾಲೋವರ್ಸ್ ತಾನಾಗೇ ಬರ್ತಾರೆ.'

ನಮ್ಮ ಡಿಗ್ರಿ ಬ್ಯಾಚ್‌ನವರಂತೂ ಅದಕ್ಕೆ ಹೆಸರೂ ಇಟ್ಟುಬಿಟ್ರಿ. ಆ ಹಕ್ಕಿಗೆ ಹದಿನೆಂಟು ವರ್ಷದಿಂದ ಒಂದು ಹೆಸರು ಇದೆ ಅಂತ ಯಾರೂ ಕೇಳಲಿಲ್ಲ.

ಅಷ್ಟು ಕಾಮೆಂಟಲ್ಲಿ ಕಾಲೇಜಿನ ಜೂನಿಯರ್ ಒಬ್ಳು ಮಾತ್ರ ಕೇಳಿದ್ದು: 'ಅಕ್ಕಾ, ನೀವು ಆಫೀಸಿಗೆ ಹೋದ್ಮೇಲೆ ಅದು ಏನ್ ಮಾಡುತ್ತೆ?'

ಆ ಕಾಮೆಂಟಿಗೆ ಒಂದು ಲೈಕೂ ಬಂದಿರಲಿಲ್ಲ. ನಾನೂ ಕೊಟ್ಟಿರಲಿಲ್ಲ. ಉತ್ತರ ಗೊತ್ತಿರಲಿಲ್ಲ ಅಂತ ಅಲ್ಲ, ಗೊತ್ತಿದ್ದೂ ಸುಮ್ನಿದ್ದೆ.

ಈ ಎಂಟು ಪೋಸ್ಟ್ ಆ ಪ್ರಶ್ನೆಗೆ ಉತ್ತರ. ನಿಮ್ಮ ಜೊತೆ ಜಗಳ ಅಂತ ಅಂದ್ಕೊಂಡ್ರೂ ಸರಿ. ಮೊದಲು ಜಗಳ ಆಡ್ಬೇಕಾಗಿದ್ದು ನನ್ನ ಜೊತೆಗೇ.

ಪೋಸ್ಟ್ 2/8

ಮೊದಲು ಹಕ್ಕಿ ಯಾರದು ಅಂತ ಹೇಳ್ತೀನಿ.

ವಿಜಯನಗರದಲ್ಲಿ ನಾವು ಮೂರು ಜನ ಹುಡುಗೀರು ಬಾಡಿಗೆಗಿರೋ ಬಿಲ್ಡಿಂಗ್‌ನಲ್ಲೇ ಎರಡನೇ ಮಹಡಿಯಲ್ಲಿ ಒಬ್ಬರು ಆಂಟಿ ಇದ್ದಾರೆ. ಗಿಳಿ ಅವರದ್ದು. ಆಫ್ರಿಕನ್ ಗ್ರೇ, ಹೆಸರು ರಾಮು. ತಂದಿದ್ದು ಅಂಕಲ್. ಎರಡು ವರ್ಷದ ಹಿಂದೆ ಅಂಕಲ್ ತೀರಿಕೊಂಡ್ರು. ಈಗ ಮಗಳು ಆಂಟಿನ ಅಮೆರಿಕಾಗೆ ಕರೆಸ್ಕೊಳ್ತಿದ್ದಾಳೆ. ಈ ಜಾತಿ ಗಿಳಿಯನ್ನ ಸೂಟ್‌ಕೇಸ್ ಜೊತೆ ತಗೊಂಡು ಹೋಗೋಕಾಗಲ್ಲ. ಅಳಿವಿನ ಅಂಚಲ್ಲಿರೋ ಪ್ರಾಣಿಗಳ ವ್ಯಾಪಾರದ ಮೇಲೆ 'ಸೈಟಿಸ್' ಅನ್ನೋ ಅಂತಾರಾಷ್ಟ್ರೀಯ ಒಪ್ಪಂದ ಇದೆ. 2016ರಲ್ಲಿ ಆಫ್ರಿಕನ್ ಗ್ರೇಯನ್ನ ಅದರ ಅತಿ ಕಟ್ಟುನಿಟ್ಟಿನ ಪಟ್ಟಿಗೆ ಸೇರಿಸಿದ್ರು. ಯಾಕಂದ್ರೆ ಆಫ್ರಿಕಾದ ಕಾಡುಗಳಿಂದ ಇವನ್ನ ಹಿಡಿದು ಹಿಡಿದು ಎಷ್ಟೋ ಕಡೆ ಕಾಡೇ ಬರಿದಾಗಿತ್ತು. ಯಾರ ಮನೆಗೆ? ನಮ್ಮಂಥೋರ ಮನೆಗೆ.

ಅಂಕಲ್ ಕಾಗದ ಪತ್ರ ಸರಿ ಇಟ್ಟಿದ್ರು. 2020ರಲ್ಲಿ ಕೇಂದ್ರ ಸರ್ಕಾರ 'ಮನೇಲಿ ವಿದೇಶಿ ಪ್ರಾಣಿ ಪಕ್ಷಿ ಇದ್ರೆ ನೀವಾಗೇ ಘೋಷಿಸಿ' ಅಂದಾಗ ಘೋಷಿಸಿದ್ರು. ವನ್ಯಜೀವಿ ಕಾಯ್ದೆಯ ತಿದ್ದುಪಡಿ 2023ರ ಏಪ್ರಿಲ್ 1ಕ್ಕೆ ಜಾರಿಗೆ ಬಂತು, 2024ರಲ್ಲಿ ನಿಯಮ ಬಂತು. ಈಗ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಬೇಕು, ಹಕ್ಕಿ ಕೈ ಬದಲಾದ್ರೂ ತಿಳಿಸ್ಬೇಕು. 'ಆಂಟಿ ಕೊಟ್ರು, ನಾನು ಇಸ್ಕೊಂಡೆ' ಅಂದ್ರೆ ಮುಗೀಲಿಲ್ಲ.

ಕಾಲಿಂಗ್ ಬೆಲ್ ಆದ್ರೆ ರಾಮು ಒಂದು ಮಾತು ಹೇಳ್ತಾನೆ: 'ಬಂದೆ, ಇರಪ್ಪಾ.' ಅದು ಅಂಕಲ್ ದನಿ. ಬೆಲ್ ಹೊಡೆಯೋದು ಎಷ್ಟೋ ಸಲ ರಾಮುನೇ. ಬೆಲ್ಲಿನ ಸದ್ದೂ ಅವನದ್ದೇ, ಉತ್ತರಾನೂ ಅವನದ್ದೇ.

ಆಂಟಿ ಕೇಳಿದ್ರು: 'ನೀನೇ ಇಟ್ಕೊಳಮ್ಮಾ. ನಿನ್ನ ಹತ್ರ ಹೊಂದ್ಕೊಂಡಿದ್ದಾನೆ.'

ಪೋಸ್ಟ್ 3/8

ಈಗ ಲೆಕ್ಕ. ಕಾಮರ್ಸ್ ಓದಿದ್ದಕ್ಕೆ ಇದಾದ್ರೂ ಉಪಯೋಗ ಆಗ್ಲಿ.

ಮನೆ ಬಿಡೋದು ಬೆಳಗ್ಗೆ 8.10ಕ್ಕೆ. ಪರ್ಪಲ್ ಲೈನ್ ಹಿಡಿದು ವೈಟ್‌ಫೀಲ್ಡ್ ಕಡೆ. ಸಂಜೆ 6.30ಕ್ಕೆ ಹೊರಟ್ರೆ ಮನೆ ಸೇರೋದು 8ಕ್ಕೆ. ವಾರಕ್ಕೆ ಐದು ದಿನ.

ರಾಮು ಬಂದಿರೋದು ಭೂಮಧ್ಯರೇಖೆಯ ಸುತ್ತಮುತ್ತಲಿನ ಕಾಡಿನ ವಂಶದಿಂದ. ಅಲ್ಲಿ ವರ್ಷ ಪೂರ್ತಿ ಹೆಚ್ಚುಕಮ್ಮಿ ಹನ್ನೆರಡು ಗಂಟೆ ಹಗಲು, ಹನ್ನೆರಡು ಗಂಟೆ ರಾತ್ರಿ. ದೊಡ್ಡ ಗಿಳಿಗಳಿಗೆ 10ರಿಂದ 12 ಗಂಟೆ ಕತ್ತಲು, ನಿದ್ದೆ ಬೇಕು. ಇಲ್ಲಾಂದ್ರೆ ಸಿಡುಕು, ಕಚ್ಚೋದು, ಕಿರುಚೋದು. ರಾಮು ಏಳೋದು 6.30ಕ್ಕೆ, ಮಲಗೋದು ಸಂಜೆ 7ಕ್ಕೆ.

ಅಂದ್ರೆ ನಾನು ಮನೆಗೆ ಬರೋ ಹೊತ್ತಿಗೆ ಅವನು ಮಲಗಿ ಒಂದು ಗಂಟೆ ಆಗಿರುತ್ತೆ. ಕೆಲಸದ ದಿನ ನಾವಿಬ್ರೂ ಎಚ್ಚರ ಇದ್ದು ಒಂದೇ ಮನೇಲಿರೋದು ಬೆಳಗ್ಗೆ 6.30ರಿಂದ 8.10. ಅದ್ರಲ್ಲಿ ಸ್ನಾನ, ತಿಂಡಿ, ಡಬ್ಬಿ, ಇಸ್ತ್ರಿ ಕಳೀರಿ. ಉಳಿಯೋದು ನಲವತ್ತು ನಿಮಿಷ. ಒಬ್ನೇ ಇರೋದು ದಿನಕ್ಕೆ 10 ಗಂಟೆ 50 ನಿಮಿಷ, ವಾರಕ್ಕೆ 54 ಗಂಟೆ. ರೂಮ್‌ಮೇಟ್‌ಗಳಿಬ್ರದ್ದೂ ಇದೇ ಪಾಡು.

'ಪಂಜರಕ್ಕೆ ಕಪ್ಪು ಬಟ್ಟೆ ಮುಚ್ಚಿ ಬೆಳಗ್ಗೆ ಲೇಟಾಗಿ ಎಬ್ಬಿಸು, ರಾತ್ರಿ 10ರ ತನಕ ಆಡ್ಸು' ಅಂತ ಒಬ್ಬ ಗೆಳೆಯ ಐಡಿಯಾ ಕೊಟ್ಟ. ಮಾಡಬಹುದು, ಮಾಡೋರೂ ಇದ್ದಾರೆ. ಸಂಜೆ ಎರಡು ಗಂಟೆ ಸಿಗುತ್ತೆ, ಬೆಳಗ್ಗಿನ ಸಮಯ ಪೂರ್ತಿ ಹೋಗುತ್ತೆ. ಈ ಜೇಬಿನ ದುಡ್ಡು ಆ ಜೇಬಿಗೆ ಹಾಕಿದ ಹಾಗೆ. ಮಧ್ಯಾಹ್ನ ಹಾಗೇ ಖಾಲಿ.

'ನಾನಂತೂ ತುಂಬಾ ಪ್ರೀತಿ ಮಾಡ್ತೀನಿ' ಅನ್ನೋರಿಗೆ ಒಂದು ಮಾತು. ನಮ್ಮ ಹತ್ರ ಇರೋದು ಪ್ರೀತಿ. ಹಕ್ಕಿಗೆ ಬೇಕಾಗಿರೋದು ಮಧ್ಯಾಹ್ನ.

ಪೋಸ್ಟ್ 4/8

'ಹಕ್ಕಿ ಅಲ್ವಾ, ಪಂಜರದಲ್ಲಿ ಕಾಳು ತಿನ್ಕೊಂಡು ಇರುತ್ತೆ ಬಿಡೇ.'

ನಾವು ಅರ್ಥ ಆಗದೆ ಬಾಯಿಪಾಠ ಮಾಡೋದಕ್ಕೆ 'ಗಿಳಿಪಾಠ' ಅಂತ ಹೆಸರಿಟ್ಟಿದ್ದೀವಿ. ಗಿಳಿಗಿಂತ ಅವಮಾನ ಆಗ್ಬೇಕಾಗಿರೋದು ನಮಗೆ.

ಅಲೆಕ್ಸ್ ಅಂತ ಒಂದು ಗಿಳಿ ಇತ್ತು. ಅದೂ ಆಫ್ರಿಕನ್ ಗ್ರೇ. ಐರೀನ್ ಪೆಪ್ಪರ್‌ಬರ್ಗ್ ಅನ್ನೋ ವಿಜ್ಞಾನಿ 1977ರಲ್ಲಿ ಶಿಕಾಗೋದ ಒಂದು ಅಂಗಡಿಯಿಂದ ತಂದು ಮೂವತ್ತು ವರ್ಷ ಅದರ ಜೊತೆ ಕೆಲಸ ಮಾಡಿದ್ರು. ಅಲೆಕ್ಸ್ ನೂರಕ್ಕೂ ಹೆಚ್ಚು ಪದ ಕಲಿತಿತ್ತು. ಬಣ್ಣ, ಆಕಾರ, ವಸ್ತು ಯಾವುದರದ್ದು ಅಂತ ಬೇರೆ ಬೇರೆ ಹೇಳ್ತಿತ್ತು, ಆರರ ತನಕ ಎಣಿಸ್ತಿತ್ತು. ಎರಡು ವಸ್ತು ತೋರಿಸಿ 'ಏನು ವ್ಯತ್ಯಾಸ?' ಅಂದಾಗ ವ್ಯತ್ಯಾಸ ಇಲ್ಲದಿದ್ರೆ 'ಏನೂ ಇಲ್ಲ' ಅಂತಿತ್ತು. 2007ರಲ್ಲಿ ಸತ್ತಾಗ ವಯಸ್ಸು 31. ಸಾಕಿದ ಗ್ರೇಗಳಿಗೆ ಅದು ಕಡಿಮೆ ಆಯಸ್ಸು. 40, 50 ವರ್ಷ ಬದುಕಿರೋವೂ ಇವೆ.

ಇಂಥ ತಲೆ ಇರೋ ಜೀವ ಕಾಡಲ್ಲಿ ಯಾವತ್ತೂ ಒಂಟಿಯಾಗಿ ಇರಲ್ಲ. ಹಿಂಡಲ್ಲೇ ಹಾರುತ್ತೆ, ಹಿಂಡಲ್ಲೇ ಮಲಗುತ್ತೆ, ದಿನದ ಬಹುಪಾಲು ಆಹಾರ ಹುಡುಕೋದ್ರಲ್ಲೇ ಕಳೆಯುತ್ತೆ. ನಮ್ಮ ಪಂಜರದಲ್ಲಿ ಬಟ್ಟಲು ತುಂಬಾ ಸೂರ್ಯಕಾಂತಿ ಬೀಜ. ಹತ್ತು ನಿಮಿಷಕ್ಕೆ ಊಟ ಮುಗೀತು. ಆಮೇಲೆ?

ಆಮೇಲೆ ಏನು ಅಂತ ನಾನು ನೋಡಿದೆ. ಆಂಟಿ ಮದುವೆ ಅಂತ ಒಂದು ವಾರ ತುಮಕೂರಿಗೆ ಹೋದ್ರು, ರಾಮು ನಮ್ಮ ಮನೆಗೆ ಬಂದ. ಹಳೇ ಫೋನಲ್ಲಿ ರೆಕಾರ್ಡಿಂಗ್ ಆನ್ ಮಾಡಿಟ್ಟು ಆಫೀಸಿಗೆ ಹೋದೆ. ರಾತ್ರಿ ಕೇಳಿದ್ರೆ ಬೆಲ್, 'ಬಂದೆ, ಇರಪ್ಪಾ', ಬೆಲ್, 'ಬಂದೆ, ಇರಪ್ಪಾ'. ಮಧ್ಯಾಹ್ನ ಎರಡರ ನಂತರ ಮಾತೂ ಇಲ್ಲ. ಸುಮ್ನೆ ಕಿರುಚಾಟ. ಗುರುವಾರ ಟ್ರೇನಲ್ಲಿ ಐದು ಪುಕ್ಕ ಬಿದ್ದಿತ್ತು. ಉದುರಿದ್ದಲ್ಲ, ಬುಡ ಕಚ್ಚಿ ಕಿತ್ತಿದ್ದು. ಎದೆಯದ್ದು.

ಪುಕ್ಕ ಕೀಳೋದಕ್ಕೆ ಕಾಯಿಲೆಯೂ ಕಾರಣ ಇರಬಹುದು, ಬೇಸರ ಒಂಟಿತನವೂ ಇರಬಹುದು. ಆಂಟಿ ಬಂದ್ಮೇಲೆ ಡಾಕ್ಟರಿಗೆ ತೋರಿಸಿದ್ರು, ಕಾಯಿಲೆ ಏನೂ ಸಿಗಲಿಲ್ಲ. ಇದು ಅಭ್ಯಾಸ ಆದ್ರೆ ಕೂದಲಿನ ಬುಡದ ಥರ ಪುಕ್ಕದ ಬುಡವೇ ಹಾಳಾಗಿ ಮತ್ತೆ ಬೆಳೆಯದೇ ಇರಬಹುದು.

ಆ ವಾರ ನಾನು ಹಾಕಿದ ಸ್ಟೋರಿಗಳಲ್ಲಿ ರಾಮು ಕುಣೀತಾ ಇದ್ದ. ಪುಕ್ಕದ ಫೋಟೋ ನಾನು ಹಾಕಲಿಲ್ಲ. ಈ ಪೋಸ್ಟಲ್ಲಿ ಎರಡನೇ ಚಿತ್ರ ಅದೇ. ಸ್ವೈಪ್ ಮಾಡಿ ನೋಡಿ.

ಪೋಸ್ಟ್ 5/8

ಇನ್ನು ಸಲಹೆಗಾರರ ಸರದಿ.

'ಟಿವಿ ಹಾಕ್ಬಿಟ್ಟು ಹೋಗು.' ನಿಮ್ಮನ್ನ ಹನ್ನೊಂದು ಗಂಟೆ ಒಂದು ರೂಮಲ್ಲಿ ಕೂರಿಸಿ, ರಿಮೋಟ್ ಕೊಡದೆ ಟಿವಿ ಹಾಕಿ ಹೋದ್ರೆ ಅದನ್ನ ಜೊತೆ ಅಂತೀರಾ?

'ಕ್ಯಾಮೆರಾ ಇಡು, ಆಫೀಸಿಂದ ಮಾತಾಡ್ಸು.' ಕ್ಯಾಮೆರಾ ನಿಮ್ಮ ಸಮಾಧಾನಕ್ಕೆ. ಅದು ನನಗೆ ಪುಕ್ಕ ಕೀಳೋದು ತೋರಿಸುತ್ತೆ, ತಡೆಯಲ್ಲ.

'ಇನ್ನೊಂದು ಗಿಳಿ ತಾ.' ಎರಡಕ್ಕೂ ಹೊಂದುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಹದಿನೆಂಟು ವರ್ಷ ಮನುಷ್ಯರ ಜೊತೆನೇ ಬೆಳೆದವನು ಇನ್ನೊಂದು ಗಿಳಿಯನ್ನ ನೆಂಟ ಅಂದ್ಕೋಬೇಕು ಅಂತೇನೂ ಇಲ್ಲ, ಕಾಲು ಬೆರಳು ಕಚ್ಚಿ ಹಾಕಬಹುದು. ಆಗ ಎರಡು ಪಂಜರ, ಎರಡರ ಕಿರುಚಾಟ, ಓನರ್ ಫೋನ್.

'ಆಟದ ಸಾಮಾನು ಕೊಡು, ಊಟ ಬಚ್ಚಿಡು.' ಇದೊಂದು ಒಳ್ಳೆ ಸಲಹೆ. ಕಾಗದದಲ್ಲಿ ಬಾದಾಮಿ ಸುತ್ತಿಟ್ರೆ, ತೆಂಗಿನ ಚಿಪ್ಪಲ್ಲಿ ತರಕಾರಿ ಬಚ್ಚಿಟ್ರೆ ನಿಜವಾಗ್ಲೂ ಹೊತ್ತು ಹೋಗುತ್ತೆ. ಒಂದು ಗಂಟೆ, ಒಂದೂವರೆ ಗಂಟೆ. ಉಳಿದ ಒಂಬತ್ತು ಗಂಟೆಗೆ ಏನು?

'ವರ್ಕ್ ಫ್ರಂ ಹೋಮ್ ಇದ್ಯಲ್ಲ.' ಇತ್ತು. ಕಂಪನಿ ಕಳಿಸಿದ ಒಂದೇ ಮೇಲ್‌ನಲ್ಲಿ ಹೋಯ್ತು. ಮೂವತ್ತು ವರ್ಷದ ಜೀವಾನ ಮ್ಯಾನೇಜರ್ ಕಳಿಸೋ ಮೇಲ್ ನಂಬಿ ತಗೋತೀರಾ?

ಇದರ ಮೇಲೆ ನಮ್ಮ ಬಾಡಿಗೆ ಮನೆ. ನಾನ್‌ಸ್ಟಿಕ್ ತವಾ ಒಲೆ ಮೇಲೆ ಮರೆತು ವಿಪರೀತ ಕಾದ್ರೆ ಬರೋ ಹೊಗೆ ನಿಮಗೆ ತಲೆನೋವು ತರಬಹುದು, ಹಕ್ಕಿಯನ್ನ ನಿಮಿಷಗಳಲ್ಲಿ ಕೊಲ್ಲುತ್ತೆ. ಸೊಳ್ಳೆ ಬತ್ತಿ, ಅಗರಬತ್ತಿ, ರೂಮ್ ಸ್ಪ್ರೇ ಯಾವುದೂ ಆಗಲ್ಲ. ಅವಕಾಡೊ, ಚಾಕೊಲೇಟ್ ವಿಷ. ಗ್ರೇ ಪುಕ್ಕದಿಂದ ದಿನಾ ಬಿಳಿ ಪುಡಿ ಉದುರುತ್ತೆ, ನಮ್ಮಲ್ಲೊಬ್ಳಿಗೆ ವೀಜಿಂಗ್ ಇದೆ. ಮೂರು ಜನ ಇರೋ ಮನೇಲಿ ಒಬ್ಳ ಹಕ್ಕಿ ಅನ್ನೋದು ಇರಲ್ಲ.

ಇನ್ನು ಡಾಕ್ಟರ್. ನಾಯಿ ಬೆಕ್ಕಿಗೆ ಗಲ್ಲಿಗೊಂದು ಕ್ಲಿನಿಕ್ ಇದೆ. ಹಕ್ಕಿ ಗೊತ್ತಿರೋ ಡಾಕ್ಟರನ್ನ ಹುಡುಕ್ಬೇಕು, ಅವರು ಸಿಗೋ ಟೈಮ್ ನನ್ನ ಆಫೀಸ್ ಟೈಮ್. ಹಕ್ಕಿಗಳು ಕಾಯಿಲೆನ ಕೊನೇ ತನಕ ಮುಚ್ಚಿಡ್ತವೆ. ಬೆಳಗ್ಗಿನ ನಲವತ್ತು ನಿಮಿಷದಲ್ಲಿ ನಾನು ಏನು ಕಂಡುಹಿಡೀತೀನಿ?

ಪೋಸ್ಟ್ 6/8

'ಹಳೇ ಹಕ್ಕಿ ಯಾಕೆ? ಮರಿ ತಗೋ, ನಿನ್ನ ಕೈಯಲ್ಲೇ ಬೆಳೆಯುತ್ತೆ, ನಿನಗೇ ಹೊಂದ್ಕೊಳ್ಳುತ್ತೆ.'

ನನಗೆ ಜಾಸ್ತಿ ಸಿಟ್ಟು ಬಂದಿದ್ದು ಈ ಕಾಮೆಂಟ್‌ಗೆ. ಮರಿನೂ ದೊಡ್ಡದಾಗುತ್ತೆ ಕಣ್ರೋ. ಎಲ್ಲಾ ಮರಿಗಳೂ ಮುದ್ದು. ನಾಲ್ಕೈದು ವರ್ಷಕ್ಕೆ ಹಾರ್ಮೋನ್ ಏರಿ ಮುದ್ದು ಮಾಡಿದ ಕೈಗೇ ಕಚ್ಚೋಕೆ ಶುರು ಮಾಡಿದಾಗ 'ಯಾಕೋ ಬದಲಾಗೋಯ್ತು' ಅಂತ ಕೊಟ್ಟುಬಿಡ್ತಾರೆ. ಮನೆ ಮನೆ ಅಲೆಯೋ ದೊಡ್ಡ ಗಿಳಿಗಳೆಲ್ಲ ಒಂದು ಕಾಲದಲ್ಲಿ ಯಾರದೋ ಮುದ್ದು ಮರಿಗಳೇ.

ವಯಸ್ಸಾದ ಹಕ್ಕಿಯಲ್ಲಿ ಮೋಸ ಇಲ್ಲ. ರಾಮುಗೆ ಛತ್ರಿ ಕಂಡ್ರೆ ಭಯ, ಎಡಗೈ ಕೊಟ್ರೆ ಹತ್ತಲ್ಲ, ಬಲಗೈಗೆ ಬರ್ತಾನೆ. ಬೆಂಡೆಕಾಯಿ ಇಷ್ಟ, ಕ್ಯಾರೆಟ್ ಎಸೀತಾನೆ. ಇದೆಲ್ಲ ಮೊದಲ ದಿನಾನೇ ಗೊತ್ತಾಗುತ್ತೆ. ಮನೇಲಿ ಜನ ಇರೋರು ದೊಡ್ಡ ಗಿಳಿ ಸಾಕಲೇಬೇಕು ಅಂತಿದ್ರೆ ಅಂಗಡಿಗೆ ಹೋಗ್ಬೇಡಿ, ಮನೆ ಕಳ್ಕೊಂಡಿರೋ ಹಕ್ಕಿಯನ್ನೇ ಹುಡುಕಿ. ಹದಿನೆಂಟಕ್ಕೆ ಹೊಸಬರ ಜೊತೆ ನಂಟು ಬೆಳೆಯಲ್ಲ ಅನ್ನೋದು ಸುಳ್ಳು. ಎರಡು ವರ್ಷದಲ್ಲಿ ರಾಮು ನನ್ನ ಜೊತೆ ಬೆಳೆಸ್ಕೊಂಡ. ನಿಧಾನ ಆಗುತ್ತೆ, ಅಷ್ಟೇ.

ಮತ್ತೆ 'ಅಷ್ಟೆಲ್ಲ ಯಾಕೆ, ನಮ್ಮ ಹಸಿರು ಗಿಳಿ ಸಾಕು' ಅಂದ ಇಬ್ಬರಿಗೆ: ಕೊರಳಲ್ಲಿ ಗುಲಾಬಿ ಪಟ್ಟಿ ಇರೋ ನಮ್ಮೂರ ಗಿಳಿಯನ್ನ ಹಿಡಿಯೋದು, ಮಾರೋದು, ಸಾಕೋದು ಎಲ್ಲ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಜಾತ್ರೆಯಲ್ಲಿ ಗಿಣಿಶಾಸ್ತ್ರದವರ ಪಂಜರದಲ್ಲಿ ನೋಡಿದೀವಿ ಅಂದ ಮಾತ್ರಕ್ಕೆ ಅದು ಸರಿಯಾಗಲ್ಲ. ಅದು ನಮ್ಮ ಕಾಲೇಜಿನ ಹಿಂದಿನ ಮಾವಿನ ಮರದಲ್ಲೇ ಚೆನ್ನಾಗಿತ್ತು. ಅಲ್ಲೇ ಇರ್ಲಿ.

ಪೋಸ್ಟ್ 7/8

ನಿಮ್ಮ ಕಡೆಯಿಂದ ಒಂದೇ ಒಂದು ಗಟ್ಟಿ ವಾದ ಬಂತು. 'ಸರಿ, ನೀನು ತಗೊಳ್ಳಲ್ಲ. ನಿನ್ನಂಥ ಯೋಚನೆ ಮಾಡೋರೂ ತಗೊಳ್ದೆ ಇದ್ರೆ ಅದು ಯೋಚನೆನೇ ಮಾಡದೋರ ಮನೆಗೆ ಹೋಗುತ್ತಲ್ಲ?'

ಇದಕ್ಕೆ ಮೂರು ರಾತ್ರಿ ನಿದ್ದೆ ಕೆಟ್ಟಿದ್ದೀನಿ. ಆಂಟಿಗೆ 'ಆಗಲ್ಲ' ಅಂದ ದಿನ ಅವರು ಏನೂ ಅನ್ನಲಿಲ್ಲ, ಒಳಗೆ ಹೋಗಿ ಕಾಫಿ ತಂದ್ರು. 'ನಿನಗೂ ಭಾರ ಆದ್ನಾ?' ಅಂತ ಒಂದೇ ಮಾತು ಕೇಳಿದ್ರು. ಆ ಕಾಫಿ ಗಂಟಲಲ್ಲಿ ಇಳೀಲಿಲ್ಲ.

ಆದ್ರೂ ಆ ವಾದದಲ್ಲಿ ಒಂದು ತಪ್ಪಿದೆ. 'ತಗೋ' ಇಲ್ಲಾ 'ಬಿಡು' ಅಂತ ಎರಡೇ ದಾರಿ ಇದೆ ಅಂದ್ಕೊಂಡ್ವಿ. ಮೂರನೇದು ಹುಡುಕೋದು. ಅದು ಜಾಸ್ತಿ ಕೆಲಸ, ರೀಲ್ ಆಗಲ್ಲ. ನಾನು ತಗೊಂಡು ಎರಡು ವರ್ಷಕ್ಕೆ ಪುಣೆಗೋ ಹೈದರಾಬಾದಿಗೋ ವರ್ಗ ಆಗಿ, ಅಥವಾ ಮದುವೆ ಆಗಿ, ಬೋಳು ಎದೆಯ ರಾಮುನ ಮತ್ತೊಬ್ಬರಿಗೆ ಕೊಡೋದಕ್ಕಿಂತ ಈಗಲೇ ಸರಿಯಾದ ಮನೆ ಹುಡುಕೋದು ಮೇಲು.

ಆಂಟಿಗೆ ಇನ್ನೂ ಏಳು ವಾರ ಟೈಮ್ ಇತ್ತು. ಅವರ ನೆಂಟರ ಪಟ್ಟಿ ಹಿಡ್ಕೊಂಡು ಇಬ್ರೂ ಕೂತ್ವಿ. ಹತ್ತೊಂಬತ್ತು ಫೋನ್. ಅದ್ರಲ್ಲಿ ಹದಿನಾಲ್ಕು ಜನ ಕೇಳಿದ ಮೊದಲ ಪ್ರಶ್ನೆ, 'ಮಾತಾಡುತ್ತಾ?' ಇಬ್ಬರು ಕೇಳಿದ್ದು, 'ಮಾರಿದ್ರೆ ಎಷ್ಟು ಬರುತ್ತೆ?' ಅಂಕಲ್ ತಂಗಿಯ ಮಗಳು ಮಂಡ್ಯದಲ್ಲಿದ್ದಾರೆ. ಅವರು ಕೇಳಿದ್ದು, 'ಅವನಿಗೆ ಏನು ಕಂಡ್ರೆ ಭಯ?'

ಆ ಅಕ್ಕ ಮನೇಲೇ ಬ್ಲೌಸ್ ಹೊಲೀತಾರೆ. ಬೆಳಗ್ಗೆ ಒಂಬತ್ತರಿಂದ ಸಂಜೆ ಆರು, ಹಬ್ಬದ ಟೈಮಲ್ಲಿ ಅದಕ್ಕೂ ಜಾಸ್ತಿ. ನನಗಿಂತ ಜಾಸ್ತಿ ಹೊತ್ತು ದುಡೀತಾರೆ. ಆದ್ರೆ ಹಾಲ್‌ನಲ್ಲೇ ದುಡೀತಾರೆ. ಅತ್ತೆ ಇದ್ದಾರೆ, ಸ್ಕೂಲಿಗೆ ಹೋಗೋ ಇಬ್ಬರು ಮಕ್ಕಳಿದ್ದಾರೆ, ಅಳತೆ ಕೊಡೋಕೆ ದಿನವಿಡೀ ಜನ ಬಂದು ಹೋಗ್ತಾರೆ. ಒಂದೇ ಸಲ ಕೊಟ್ಟು ಬರಲಿಲ್ಲ. ಮೊದಲು ಅವರೇ ಎರಡು ಸಲ ಬೆಂಗಳೂರಿಗೆ ಬಂದು ರಾಮು ಜೊತೆ ಕೂತ್ರು. ಆಮೇಲೆ ಪಂಜರ ಎಲ್ಲಿಡಬೇಕು ಅಂತ ನಾವು ಹೋಗಿ ನೋಡಿದ್ವಿ. ಸೂಜಿ, ದಾರ, ಗುಂಡಿ ಕೊಕ್ಕಿಗೆ ಸಿಗದ ಹಾಗೆ ಕಿಟಕಿ ಪಕ್ಕ ಜಾಗ ಮಾಡಿದ್ರು, ನಾನ್‌ಸ್ಟಿಕ್ ತವಾ ತೆಗೆದು ಕಬ್ಬಿಣದ ಹೆಂಚು ಇಟ್ರು. ಕಾಗದ ಪತ್ರ ಅವರ ಹೆಸರಿಗೆ ಮಾಡಿಸೋ ಓಡಾಟ ನಾನು ವಹಿಸ್ಕೊಂಡೆ.

ಹಾಗಾಗಿ 'ಫುಲ್ ಟೈಮ್ ಕೆಲಸ ಮಾಡೋರು ಗಿಳಿ ಸಾಕಬಾರದು' ಅಂತ ನಾನು ಹೇಳ್ತಿಲ್ಲ. ತೊಂದರೆ ಕೆಲಸದ್ದಲ್ಲ, ಖಾಲಿ ಮನೇದು.

ಪೋಸ್ಟ್ 8/8

ಇದನ್ನ ಸೇವ್ ಮಾಡ್ಕೊಳ್ಳಿ. ಯಾರಾದ್ರೂ ನಿಮಗೆ ಮಕಾವ್, ಕಾಕಟೂ, ಗ್ರೇ ಕೊಡ್ತೀನಿ ಅಂದ ದಿನ ತೆಗೆದು ಓದಿ.

ಒಂದು. ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ ನಿಮ್ಮ ಮನೇಲಿ ಯಾರಿರ್ತಾರೆ? ಭಾನುವಾರದ ಉತ್ತರ ಬೇಡ.

ಎರಡು. ಅವರನ್ನ ಕೇಳಿದ್ದೀರಾ? 'ಅಮ್ಮ ನೋಡ್ಕೋತಾರೆ' ಅಂದ್ರೆ ಹಕ್ಕಿ ಅಮ್ಮಂದು. ಆಗ ಅಮ್ಮ ತೀರ್ಮಾನ ಮಾಡ್ಲಿ.

ಮೂರು. ನಿಮಗೆ ಈಗ ಇಪ್ಪತ್ನಾಲ್ಕಾದ್ರೆ, ಹಕ್ಕಿ ಇನ್ನೂ ಮೂವತ್ತು ವರ್ಷ ಇದ್ರೆ, ನಿಮಗೆ ಐವತ್ನಾಲ್ಕು. ನಡುವೆ ಎಷ್ಟು ಮನೆ, ಎಷ್ಟು ಊರು, ಎಷ್ಟು ಓನರ್?

ನಾಲ್ಕು. ಕಾಗದ ಇದ್ಯಾ? ಇಲ್ಲದಿದ್ರೆ ಅಲ್ಲಿಗೇ ನಿಲ್ಲಿಸಿ.

ಐದು. ಒಂದು ವಾರ ಮನೇಲಿಟ್ಕೊಂಡು, ನೀವಿಲ್ಲದಾಗ ರೆಕಾರ್ಡ್ ಮಾಡಿ ಕೇಳೋ ಧೈರ್ಯ ಇದ್ಯಾ?

ಒಂದಕ್ಕೆ ತಡವರಿಸಿದ್ರೂ ತಗೋಬೇಡಿ. ಅದಕ್ಕೆ ನಾಚಿಕೆ ಪಡಬೇಕಾಗಿಲ್ಲ. ನಾಚಿಕೆ ಪಡಬೇಕಾಗಿರೋದು 'ಕ್ಯೂಟ್' ಅಂತ ಇನ್ನೊಬ್ಬರ ಮೂವತ್ತು ವರ್ಷಕ್ಕೆ ಮೂರು ಸೆಕೆಂಡಲ್ಲಿ ಸೈನ್ ಹಾಕೋದಕ್ಕೆ. ನಾನೂ ಹಾಕಿದ್ದೆ. ಆ ಹಳೇ ರೀಲ್ ಡಿಲೀಟ್ ಮಾಡಿದ್ದೀನಿ. ಚೆನ್ನಾಗಿ ಓಡ್ತಿತ್ತು, ಅದಕ್ಕೇ ತೆಗೆದೆ. ಅದನ್ನ ನೋಡಿ ಒಬ್ರು ಹೋಗಿ ಮರಿ ತಂದ್ರೂ ಆ ಮರಿ ನನ್ನ ಲೆಕ್ಕಕ್ಕೇ ಬರುತ್ತೆ.

ನಿಮಗೆ ಗಿಳಿ ಇಷ್ಟ ತಾನೆ? ನಿಮ್ಮ ಬಿಲ್ಡಿಂಗಲ್ಲಿ, ಬೀದಿಲಿ ಹಕ್ಕಿ ಸಾಕ್ಕೊಂಡಿರೋ ವಯಸ್ಸಾದೋರು ಖಂಡಿತ ಯಾರಾದ್ರೂ ಇರ್ತಾರೆ. ಶನಿವಾರ ಹೋಗಿ ಎರಡು ಗಂಟೆ ಕೂರಿ. ಅವರು ಊರಿಗೆ ಹೋಗ್ಬೇಕಾದಾಗ ಹಕ್ಕಿ ಜೊತೆ ಇರಿ. ಅವರ ನಂತರ ಹಕ್ಕಿ ಯಾರಿಗೆ ಅಂತ ಇವತ್ತೇ ಕೇಳಿ. ಕೇಳೋಕೆ ಮುಜುಗರ ಆಗುತ್ತೆ, ಆದ್ರೂ ಕೇಳಿ.

ಆಂಟಿ ಹೊರಟು ಹನ್ನೆರಡು ದಿನ ಆಯ್ತು. ಹೋದ ಭಾನುವಾರ ಬೆಳಗ್ಗೆ ಟ್ರೈನ್ ಹಿಡಿದು ಮಂಡ್ಯಕ್ಕೆ ಹೋಗಿದ್ದೆ. ಎದೆ ಮೇಲೆ ಸಣ್ಣ ಪುಕ್ಕ ಬರ್ತಿದೆ. ಕುಕ್ಕರ್ ಜೊತೆ ಈಗ ಹೊಲಿಗೆ ಮೆಷಿನ್ ಸದ್ದೂ ಶುರು ಮಾಡಿದ್ದಾನೆ. ನಾನಿರುವಾಗಲೇ ಬೆಲ್ ಹೊಡೆದ. 'ಬಂದೆ, ಇರಪ್ಪಾ' ಅಂದ. ಅಕ್ಕ ಮೆಷಿನ್ ನಿಲ್ಲಿಸಿ, ತಲೆ ಎತ್ತಿ, 'ಬಾರಪ್ಪಾ, ಇಲ್ಲೇ ಇದ್ದೀನಿ' ಅಂದ್ರು.

ಜೂನಿಯರ್ ಹುಡುಗಿ, ನಿನ್ನ ಕಾಮೆಂಟ್ ಪಿನ್ ಮಾಡಿದ್ದೀನಿ.

#ಖಾಲಿಮನೆಗೆಗಿಳಿಬೇಡ #ದೊಡ್ಡಗಿಳಿ #ತಗೋಳೋಮುಂಚೆ